ಸರ್ವರ್‌ಗೆ ಕಚ್ಚಿದ ಉಣುಗು

ಕಾವ್ಯ ಒಂದನೇ ಕ್ಲಾಸಿನಲ್ಲಿದ್ದಾಗ ಪರಮೇಶ್ವರ ಮಾತು ಕೊಟ್ಟಿದ್ದ: "ನೀನು ನಾಲ್ಕನೇ ಕ್ಲಾಸು ಮುಗಿಸೋದ್ರೊಳಗೆ ಒಂದು ಸಲನಾದ್ರೂ ನಿನ್ನ ನಾಟಕಕ್ಕೆ ಮುಂದಿನ ಸಾಲಲ್ಲಿ ಕೂತಿರ್ತೀನಿ ಮಗಾ."

ಮೂರು ವರ್ಷವೂ ಅವನು ಶಾಲೆ ಮುಟ್ಟುವಾಗ ಕುರ್ಚಿ ಎತ್ತುತ್ತಿದ್ದರು. ಇದು ನಾಲ್ಕನೆಯ ವರ್ಷ, 2002. ಸಂಜೆ ಐದಕ್ಕೆ ಕೊಪ್ಪದ ಶಾಲೆಯ ನಾಟಕದಲ್ಲಿ ಕಾವ್ಯ ಕರಡಿ. ಅಪ್ಪ ಮಾತ್ರ ತಾನು ಕಂಪ್ಯೂಟರ್ ನೋಡಿಕೊಳ್ಳುವ ನರಸಿಂಹರಾಜಪುರದ ಪ್ರೆಸ್ಸಿನಲ್ಲಿ, ಕೆಟ್ಟು ಕೂತ ಸರ್ವರಿನ ಮುಂದೆ.

ಪ್ರೆಸ್ಸಿನ ಫೈಲುಗಳೆಲ್ಲ ಆ ಹಳೇ ಡಬ್ಬಿಯೊಳಗೆ. ಮೂರು ಕಂಪ್ಯೂಟರಿಗೂ ಅದೇ ಗತಿ. ನಿನ್ನೆಯವರೆಗೆ ಸರಿಯಿತ್ತು. ಇವತ್ತು ನೆಟ್‌ವರ್ಕ್ ಕಾರ್ಡೂ ಡಿಸ್ಕಿನ ಕಾರ್ಡೂ ಮೆಮೊರಿಯಲ್ಲಿ ಒಂದೇ ವಿಳಾಸ ಹಿಡಿದುಕೊಂಡು, ಬಸ್ಸಿನ ಒಂದೇ ಸೀಟಿಗೆ ಎರಡು ಟವೆಲ್ ಬಿದ್ದ ಹಾಗೆ ಜಗಳಕ್ಕೆ ನಿಂತಿದ್ದವು.

"ಈ ಲಗ್ನಪತ್ರಿಕೆ ಪ್ರಿಂಟಾಗದೆ ನೀವು ಹೊರಡೋ ಹಾಗಿಲ್ಲ," ಎಂದರು ಒಡತಿ ಅನ್ನಪೂರ್ಣೇಶ್ವರಿ.

"ಮೂರೂವರೆ ಬಸ್ಸು ತಪ್ಪಿದ್ರೆ ಮಗಳು ನನ್ನ ತಿಂದೇಬಿಡ್ತಾಳಮ್ಮ. ಈ ಸಲ ಕರಡಿ ಬೇರೆ!"

ಡಬ್ಬಿಯೊಳಗೆ ಬಗ್ಗಿ ನೋಡಿದ. ನೆಟ್‌ವರ್ಕ್ ಕಾರ್ಡಿನ ಸೂಜಿಸಾಲು ಬೋಳು. ಅಲ್ಲಿ ಎರಡು ಪುಟ್ಟ ಕಪ್ಪು ಟೋಪಿಗಳಿರಬೇಕಿತ್ತು. ಅವು ಯಾವ ಸೂಜಿಗಳ ಮೇಲೆ ಕೂರುತ್ತವೋ ಅದರಂತೆ ಕಾರ್ಡಿನ ವಿಳಾಸ; ಟೋಪಿಯೇ ಇಲ್ಲದಿದ್ದರೆ ಅದು ಡಿಸ್ಕಿನ ಕಾರ್ಡಿನ ವಿಳಾಸಕ್ಕೇ ಹೋಗಿ ಕೂರುತ್ತದೆ. ಡಬ್ಬಿ ಬಿಸಿಯಾಗುತ್ತದೆಂದು ಮುಚ್ಚಳ ತೆಗೆದಿಟ್ಟವನು ಅವನೇ. ಧೂಳು ಹೊಡೆದವಳು ಕರಿಯಕ್ಕ, ಪ್ರೆಸ್ಸು ಗುಡಿಸುವವಳು, ಮನೆಯಲ್ಲಿ ನಾಲ್ಕು ದನ ಸಾಕಿದವಳು.

"ಕರಿಯಕ್ಕಾ, ಇಲ್ಲಿ ಕಪ್ಪಗೆ ಎಂತದೋ ಇತ್ತಲ್ಲ?"

"ಉಣುಗು ಮಾರಾಯ್ರೆ! ರಕ್ತ ಹೀರ್ತಾ ಎರಡು ಕಚ್ಕೊಂಡಿತ್ತು. ದನಕ್ಕೆ ತೆಗೆಯೋ ಹಾಗೆ ಕಿತ್ತು ಸೀಮೆಎಣ್ಣೆಗೆ ಹಾಕಿದೆ. ನೀವಂತೂ ಪಾಪ ಅದನ್ನ ನೋಡ್ಕೊಳ್ಳೋದೇ ಇಲ್ಲ."

ಪರಮೇಶ್ವರ ಹಿತ್ತಿಲಿಗೆ ಓಡಿ, ಕರಟದ ಸೀಮೆಎಣ್ಣೆಗೆ ಬೆರಳು ಅದ್ದಿ ಎರಡನ್ನೂ ಎತ್ತಿ, ಅಂಗಿಗೆ ಒರೆಸಿಕೊಂಡು ಬಂದ. ಸೂಜಿ ಮಾತ್ರ ಹತ್ತು ಜೊತೆ! ಅಂದಾಜಿನಲ್ಲಿ ಒಂದೊಂದು ಕಡೆ ಕೂರಿಸಿ ಸ್ವಿಚ್ ಹಾಕಿದ. ಸರ್ವರ್ ಕೀಂ ಎಂದಿತು, ಜಗಳ ಹಾಗೇ ಇತ್ತು. ಗಂಟೆ ಮೂರು ಹತ್ತು.

"ಮತ್ತೆ ಅದನ್ನೇ ಹಚ್ತೀರಾ? ತಲೆ ಸರಿ ಇದ್ಯಾ?" ಕರಿಯಕ್ಕ ಹೌಹಾರಿದಳು.

"ಎಲ್ಲೆಲ್ಲಿ ಕೂತಿತ್ತು ಹೇಳು ತಾಯಿ, ನಿಂಗೆ ಪುಣ್ಯ ಬರುತ್ತೆ."

"ಒಂದು ಈ ಬಲತುದಿಯಿಂದ ಎರಡನೇದು. ಅಲ್ಲಿಂದ ಮೂರು ಬಿಟ್ಟು ಇನ್ನೊಂದು. ಉಣುಗು ಕಿತ್ತ ಜಾಗ ನಾನು ಮರೀತೀನಾ?"

ಅವಳು ತೋರಿಸಿದಲ್ಲೇ ಕೂರಿಸಿ ಮತ್ತೆ ಸ್ವಿಚ್ ಹಾಕಿದ. ನೆಟ್‌ವರ್ಕ್ ಕಾರ್ಡು ತನ್ನ ಹಳೇ ವಿಳಾಸಕ್ಕೆ ಸರಿಯಿತು, ಡಿಸ್ಕಿನದು ಇದ್ದಲ್ಲೇ ಉಳಿಯಿತು. ಮೂರನೇ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ ತೆರೆದುಕೊಂಡಿತು, ಪ್ರಿಂಟರು ಗರಗರ ಎಂದಿತು.

"ಹೊರಡಿ ಮಾರಾಯ್ರೆ, ಹೊರಡಿ!" ಎಂದರು ಅನ್ನಪೂರ್ಣೇಶ್ವರಿ.

"ಇನ್ನೊಂದು ಸಲ ಹತ್ತಿದ್ರೆ ಹೇಳಿ," ಕರಿಯಕ್ಕ ಹಿಂದಿನಿಂದ ಕೂಗಿದಳು, "ಬೇವಿನೆಣ್ಣೆ ತರ್ತೀನಿ!"

ಐದು ಗಂಟೆಗೆ ಕೊಪ್ಪದ ಶಾಲೆಯಲ್ಲಿ ಪರದೆ ಸರಿಯಿತು. ಕರಡಿ ಗುರುಗುಡುವುದು ಬಿಟ್ಟು ಮುಂದಿನ ಸಾಲಿನತ್ತ ಕೈ ಬೀಸಿತು. ಪರಮೇಶ್ವರ ಕೊಟ್ಟ ಮಾತು ಉಳಿಸಿಕೊಂಡ.