ಒದ್ದೆಯಾದರೆ ತಿರುಗುವ ಹುಲ್ಲು

ದಸರೆ ಮುಗಿದು ಬಿಸಿಲು ಚುರುಕಾಗಿತ್ತು. ಮಮದಾಪುರದ ಗುಡ್ಡದ ಬುಡದಲ್ಲಿ ಸಿದ್ರಾಯ ಕುರಿಗಳ ಉಣ್ಣೆ ಕತ್ತರಿಸಲು ಕುಳಿತಿದ್ದ. ಅರ್ಧ ಹಿಂಡನ್ನು ಹಿಂದಿನ ದಿನವೇ ಹಳ್ಳದಲ್ಲಿ ತೊಳೆದಿದ್ದ. ತೊಳೆದ ಉಣ್ಣೆಗೆ ಕತ್ತರಿ ಚೆನ್ನಾಗಿ ಓಡುತ್ತದೆ ಎಂಬುದು ಅವನ ಅಪ್ಪನ ಕಾಲದ ರೂಢಿ. ಉಳಿದರ್ಧ ಹಿಂಡು ಇಂದು ನೀರಿಗಿಳಿಯಬೇಕಿತ್ತು.

ತೊಳೆದವುಗಳಲ್ಲಿ ಮೊದಲ ಕುರಿಯ ಕಾಲು ಕಟ್ಟಿ ಮಲಗಿಸಿದ. ಉಣ್ಣೆ ಸರಿಸಿದ ಕೈ ಅಲ್ಲೇ ನಿಂತಿತು. ತೊಗಲಿನ ತುಂಬ ಕೆಂಪು ಗಂಟುಗಳು. ಗಂಟಿನ ನಡುವಿನಿಂದ ಕಪ್ಪು ಎಳೆಗಳು ಹೊರಗೆ ಚಾಚಿದ್ದವು. ಒಂದನ್ನು ಜಗ್ಗಿದ. ಸೂಜಿಯಂಥ ಮೊನೆಯೊಂದು ರಕ್ತದೊಡನೆ ಹೊರಬಂತು.

"ಏ, ಬಾ ಇಲ್ಲೆ ಲಗೂ!"

ಹೆಂಡತಿ ಫಕೀರವ್ವ ಬಂದು ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಯವ್ವಾ! ಯಾರೋ ಸೂಜಿ ಚುಚ್ಯಾರಲ್ಲೋ ಮಾರಾಯಾ! ಮೊನ್ನಿ ತನಾ ಚೊಲೋ ಇದ್ವು."

"ಮೊನ್ನಿ ಎಲ್ಲಿ ಮೇದಾವು ಹೇಳು? ಸುಂದರಾಬಾಯಿ ಬೀಳಿನ್ಯಾಗ!"

ಸುಂದರಾಬಾಯಿ ಊರಿನ ಜೈನರ ಮನೆಯ ಹಿರಿಯಳು. ಗುಡ್ಡಕ್ಕೆ ಹತ್ತಿದ ಅವಳ ಬೀಳುಹೊಲದಲ್ಲಿ ಸಿದ್ರಾಯ ಕುರಿ ಮೇಯಿಸಿದ್ದ. ಅದಕ್ಕೆ ಬದಲಾಗಿ ಎರಡು ರಾತ್ರಿ ಅವಳ ಬಿತ್ತುವ ಹೊಲದಲ್ಲಿ ಹಿಂಡು ಮಲಗಿಸಿ ಹಿಕ್ಕೆಯ ಗೊಬ್ಬರ ಕೊಡುವುದೆಂದು ಮಾತಾಗಿತ್ತು.

"ಇನ್ನ ಆಕಿ ಹೊಲಕ್ಕ ಒಂದ ಹಿಕ್ಕಿನೂ ಬೀಳಾಂಗಿಲ್ಲ" ಎಂದು ಸಿದ್ರಾಯ ಕತ್ತರಿ ಎಸೆದ. ಚಹಾದಂಗಡಿಗೆ ಹೋಗಿ ನಾಲ್ಕು ಮಂದಿಯ ಮುಂದೆ ಅವಳ ಹೆಸರು ಹಿಡಿದು ಕೂಗಾಡಿ ಬಂದ. ಆಮೇಲೆ ಫಕೀರವ್ವನೊಡನೆ ಉಳಿದ ಕುರಿಗಳನ್ನು ಹಳ್ಳಕ್ಕೆ ಹೊಡೆದ.

ಮುಂದಿದ್ದ ಕುರಿ ನೀರಿಗೆ ಕಾಲಿಡುವಷ್ಟರಲ್ಲಿ, ತನ್ನ ಬೀಳಿನಲ್ಲಿ ಮೇದ ಹಿಂಡು ಹಳ್ಳಕ್ಕೆ ಹೊರಟದ್ದನ್ನು ಕಂಡ ಸುಂದರಾಬಾಯಿ ಏದುಸಿರು ಬಿಡುತ್ತ ಬಂದಳು.

"ಸಿದ್ರಾಯಾ, ನಿಂದರ್ಸು! ನೀರಿಗೆ ಇಳಸಬ್ಯಾಡೋ!"

"ಯಾಕ್ರಿ ಬಾಯಾರ, ಚುಚ್ಚಿದ ಸೂಜಿ ಹೊರಗ ಬೀಳತಾವೇನ್ರಿ?"

ಅವಳ ಮುಖ ಬಿಳಿಚಿತು. "ಏನಂದಿ? ಹುಳಾ ಬಿದ್ದೀತು ಅಂತ ಹೊತ್ತು ಮುಣಗಿದ ಮ್ಯಾಲ ಊಟಾ ಮಾಡದ ಮನಿ ನಮ್ಮದು. ನಾ ಮೂಕಪ್ರಾಣಿಗೆ ಸೂಜಿ ಚುಚ್ಚೇನ? ಎಲ್ಲೈತಿ ಆ ಸೂಜಿ? ಕೊಡು."

ಸಿದ್ರಾಯ ಕೊಟ್ಟ. ಅವಳು ತನ್ನ ಸೀರೆಯ ಅಂಚಿಗೆ ಹತ್ತಿದ್ದ ಒಂದನ್ನು ಕಿತ್ತು ಪಕ್ಕಕ್ಕೆ ಹಿಡಿದಳು. ಎರಡೂ ಒಂದೇ. ಸೀರೆಯಿಂದ ಕಿತ್ತ ಒಣಗಿದ್ದನ್ನು ಫಕೀರವ್ವನ ಅಂಗೈ ಮೇಲಿಟ್ಟು ಹಳ್ಳದ ನೀರನ್ನು ಹನಿಸಿದಳು.

"ನೋಡಕೋತ ಇರು."

ಮೊದಲು ಏನೂ ಆಗಲಿಲ್ಲ. ಆಮೇಲೆ ಕಪ್ಪು ಬಾಲ ಮೆಲ್ಲಗೆ ಮಿಸುಕಿತು. ಹೊರಳಿತು. ಗಡಿಯಾರದ ಮುಳ್ಳಿನಂತೆ ಸುತ್ತ ತಿರುಗತೊಡಗಿತು. ಮೊನೆ ಅಂಗೈಗೆ ಊರಿತು.

"ಅಯ್ಯಯ್ಯ, ಜೀವ ಐತಿ ಇದಕ್ಕ!" ಫಕೀರವ್ವ ಕೈ ಕೊಡವಿ ಚೀರಿದಳು. ಸಿದ್ರಾಯ ಎರಡು ಹೆಜ್ಜೆ ಹಿಂದೆ ಸರಿದ.

"ಹುಳಾ ಅಲ್ಲವ್ವಾ, ಹುಲ್ಲಿನ ಬೀಜ. ಮರಾಠಿಯೊಳಗ ಕುಸಳಿ ಅಂತಾರ. ಇದರ ಬಾಲ ಹಗ್ಗದಂಗ ಹುರಿ ಆಗಿರತೈತಿ. ತೊಯ್ದ್ರ ಹುರಿ ಬಿಚ್ಚತೈತಿ, ಒಣಗಿದ್ರ ಮತ್ತ ಸುತಗೋತೈತಿ. ಹಂಗ ತಿರಗಿ ತಿರಗಿ ಮಣ್ಣಾಗ ತನ್ನಷ್ಟಕ ತಾನ ನಾಟಗೋತೈತಿ. ಮೊನಿ ಮ್ಯಾಲಿನ ಕೂದಲಾ ಹಿಂದಕ್ಕ ಬಾಗ್ಯಾವು. ಒಳಗ ಹೋದದ್ದು ಹೊಳ್ಳಿ ಬರಾಂಗಿಲ್ಲ. ಅದಕ್ಕ ಮಣ್ಣೇನು, ಕುರಿ ತೊಗಲೇನು? ಉಣ್ಣ್ಯಾಗ ಸಿಕ್ಕೊಂಡಿದ್ವು, ನೀ ನೀರು ಕುಡಿಸಿದಿ."

ಸಿದ್ರಾಯ ನೀರಿನಂಚಿನ ಕುರಿಯನ್ನು ಕೊರಳು ಹಿಡಿದು ಹಿಂದಕ್ಕೆಳೆದ. "ಅಂದ್ರ... ಚುಚ್ಚಿದಾಂವ ನಾನ?"

ಫಕೀರವ್ವ ಉಳಿದವನ್ನು ದಂಡೆಯಿಂದಾಚೆ ತಿರುಗಿಸಿದಳು.

ಆಮೇಲೆ ಸುಂದರಾಬಾಯಿಯನ್ನು ಕೇಳಿದಳು, "ನಿಮಗ ಹೆಂಗ ಗೊತ್ತಾತ್ರಿ?"

"ಹೋದ ವರ್ಷ ಇದ ಹತ್ತಿದ ಸೀರಿ ಬಕೆಟ್‌ನ್ಯಾಗ ನೆನಿ ಇಟ್ನಿ. ಹಿಂಡಾಕ ಹೋದ್ರ ಅಂಗೈ ತುಂಬ ರಕ್ತ. ದನದ ಡಾಕ್ಟರ್ ಬಂದಾಗ ತೋರ್ಸಿದ್ನಿ, ಅವರ ಹೇಳಿದ್ರು."

"ಹಂಗಾರ ಗುಡ್ಡಕ್ಕ ಬೆಂಕಿ ಹಚ್ಚಿಬಿಡೂಣು!" ಎಂದ ಸಿದ್ರಾಯ.

"ಹಚ್ಚು. ಮ್ಯಾಲಿಂದು ಸುಡತೈತಿ, ಬುಡ ಸಾಯಾಂಗಿಲ್ಲ. ಮಳಿ ಬಿದ್ರ ಅದ ಬುಡದಿಂದ ಮತ್ತ ಚಿಗಿತೈತಿ. ಆ ಎಳೀ ಹುಲ್ಲು ತಿಂದ ನಿನ್ನ ಕುರಿ ಬೆಳದಾವು, ಮರತೇನ? ತೆನಿ ಬಿಡೂ ಮೊದ್ಲ ಕೊಯ್ದು ಒಣಗಿಸಿದ್ರ ಚೊಲೋ ಮೇವು. ಬಾಲ ಕರ್ರಗಾಗಿ ಒಂದಕ್ಕೊಂದು ಹೆಣಕೊಂಡ್ವು ಅಂದ್ರ ಹಿಂಡು ಆ ಕಡೆ ಬಿಡಬ್ಯಾಡ್ರಿ."

ಉಳಿದ ಹಿಂಡನ್ನು ಒಣಗಿದ್ದಾಗಲೇ ಕತ್ತರಿಸಿದರು. ಬೀಜ ಉಣ್ಣೆಯ ಜೊತೆಗೇ ಬಂತು. ತೊಳೆದ ಕುರಿಗಳಿಗೆ ದನದ ಡಾಕ್ಟರ್ ಬಂದು ಮುಳ್ಳು ತೆಗೆದು ಔಷಧಿ ಹಚ್ಚಿದರು. ಗಾಯಗಳು ಮಾಯ್ದವು. ಒಂದು ಕುರಿಯ ಕಣ್ಣೊಳಗೆ ಬೀಜ ಇಳಿದಿತ್ತು. ಆ ಕಣ್ಣು ಉಳಿಯಲಿಲ್ಲ.

ಮಾತಿನಂತೆ ಸಿದ್ರಾಯ ಎರಡು ರಾತ್ರಿ ಸುಂದರಾಬಾಯಿಯ ಹೊಲದಲ್ಲಿ ಹಿಂಡು ಮಲಗಿಸಿದ. ಮೂರನೆಯ ಸಂಜೆಯೂ ಕುರಿ ಬಂದದ್ದು ಕಂಡು ಅವಳು ಕೇಳಿದಳು, "ಇದ್ಯಾಕೋ? ಎರಡ ರಾತ್ರಿ ಆತಲ್ಲ."

"ಇದು ಚಹಾದಂಗಡಿ ಮುಂದ ಆಡಿದ ಮಾತಿಗ್ರಿ, ಬಾಯಾರ. ಮುಂಜಾನಿ ಅಲ್ಲೇ ನಿಂತು ನಂದ ತಪ್ಪು ಅಂತ ಹೇಳಿ ಬಂದೇನಿ."

ಕುರಿ ಸಾಕುವ ಅಣ್ಣಂದಿರೇ, ಅಕ್ಕಂದಿರೇ, ಗುಡ್ಡದ ಹುಲ್ಲು ಬಾಲ ಬಿಡುವ ಮೊದಲೇ ಕೊಯ್ದುಕೊಳ್ಳಿ. ಬೀಜ ಹತ್ತಿದ ಕುರಿಗೆ ನೀರು ತಾಗಿಸಬೇಡಿ, ಮೊದಲು ಉಣ್ಣೆ ಕತ್ತರಿಸಿ. ತೊಗಲಿಗೆ, ಬಾಯಿಗೆ, ಕಣ್ಣಿಗೆ ಇಳಿದಿದ್ದರೆ ಅಂದೇ ಪಶು ಆಸ್ಪತ್ರೆಗೆ ಹೋಗಿ. ನೆರೆಯವರತ್ತ ಬೊಟ್ಟು ಮಾಡುವ ಮುನ್ನ ನಿಮ್ಮ ಕುರಿಯ ಉಣ್ಣೆ ಸರಿಸಿ ನೋಡಿ. ಸಿದ್ರಾಯ ಸುಂದರಾಬಾಯಿಯ ಋಣ ತೀರಿಸಿದ. ಒಕ್ಕಣ್ಣಿನ ಆ ಕುರಿಯ ಋಣ ಹಾಗೇ ಉಳಿದಿದೆ.