ಹೊಳೆವ್ವನ ಹಸಿರು ಬಚ್ಚಲು

ಬೀಳಗಿ ಕಡೆಯ ಹತ್ತೂರುಗಳಲ್ಲಿ ಗಿರಮಲ್ಲಪ್ಪ ಗೌಂಡಿಯ ಕೈಗೆ ಹೆಸರಿತ್ತು. ಅವನ ಬಾಯಿಗೆ ಅದಕ್ಕಿಂತ ದೊಡ್ಡ ಹೆಸರಿತ್ತು. ಅವನು ಕಟ್ಟಿದ ಗೋಡೆ ಎಳ್ಳಷ್ಟೂ ವಾಲುತ್ತಿರಲಿಲ್ಲ, ನಿಜ. ಆದರೆ ಯಾರಾದರೂ ಅವನೆದುರು ತಪ್ಪು ಮಾತಾಡಿದರೆ ತಿದ್ದದೆ ಬಿಡುತ್ತಲೂ ಇರಲಿಲ್ಲ. ಒಮ್ಮೆ ಮುಧೋಳದಲ್ಲಿ ಒಂದು ಹೊಸ ಮನೆಯ ಊಟಕ್ಕೆ ಕೂತಿದ್ದಾಗ ಯಜಮಾನ ತನ್ನ ಪಡಸಾಲೆ ಹತ್ತು ಅಡಿ ಅಂದುಬಿಟ್ಟ. ಈ ಮಹಾರಾಯ ಎಲೆಯ ಮೇಲಿನ ಹೋಳಿಗೆ ಬಿಟ್ಟೆದ್ದು, ಟೇಪು ಹಿಡಿದು, ಒಂಬತ್ತೂವರೆ ಎಂದು ಎಲ್ಲರಿಗೂ ತೋರಿಸಿ ಆಮೇಲೆ ಬಂದು ಕೂತ. ಇಂಥವನ ಮುಂದೆ ಅನ್ನವ್ವ ಒಂದು ನೂಲಿನ ದಾರ ಹಿಡಿದು ನಿಂತಳು.

ಆಣೆಕಟ್ಟಿನ ಹಿನ್ನೀರು ಹಳೇ ಊರನ್ನು ನುಂಗಿ ಎರಡು ವರ್ಷವಾಗಿತ್ತು. ಹೊಸ ಊರಿನ ಸಾಲು ಮನೆಗಳಲ್ಲಿ ಅನ್ನವ್ವನದೂ ಒಂದು. ಗಂಡ ಬಾಳೇಶ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವನು, ಮನೆಯ ಉಸಾಬರಿಯೆಲ್ಲ ಇವಳದೇ. ಹಿತ್ತಲ ಬಾಗಿಲ ಪಕ್ಕದಲ್ಲಿ ನಾಲ್ಕಡಿ ಅಗಲ, ಐದಡಿ ಉದ್ದದ ಜಾಗ ತೋರಿಸಿ, "ಇಲ್ಲೊಂದು ಬಚ್ಚಲ ಆಗಬೇಕ್ರಿ ಅಣ್ಣಾರ" ಅಂದಳು.

"ಇಷ್ಟರಾಗ ಎಂಥಾ ಬಚ್ಚಲ ತಂಗಿ? ಕೋಳಿಗೂಡ ಆಕೈತಿ."

"ನಮ್ಮ ಅತ್ತಿ ಸಲುವಾಗಿ ಕಟ್ಟಸಾಕತ್ತೇನ್ರಿ. ಅವರು ಒಬ್ಬರ ಒಳಗ ಹೋಗಬೇಕು, ಯಾರೂ ಕೈ ಹಚ್ಚದಂಗ ಜಳಕಾ ಮಾಡಿ ಹೊರಗ ಬರಬೇಕು. ಅಷ್ಟಾದ್ರ ಸಾಕು."

ಅತ್ತೆ ಹೊಳೆವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ಹಳೇ ಊರಲ್ಲಿ ದಿನಾ ಮುಂಜಾನೆ ಜಳಕವಾಗದೆ ಚಹಾ ಮುಟ್ಟದವಳು, ಇಲ್ಲಿಗೆ ಬಂದ ಮೇಲೆ ಹಿತ್ತಲಿನ ತಟ್ಟಿಯ ಮರೆಗೆ ಜಳಕಕ್ಕೆ ಹೋಗದಿರಲು ಏನಾದರೊಂದು ನೆವ ತೆಗೆದು ಎರಡು ದಿನ, ಮೂರು ದಿನ ದೂಡುತ್ತಿದ್ದಳು. ಸೊಸೆ ನೀರು ಹಾಕುತ್ತೇನೆ ಅಂದರೆ ಉರಿದುಬೀಳುತ್ತಿದ್ದಳು. ಮೊಣಕಾಲು ನೋವಿರಬೇಕು ಅಂದುಕೊಂಡ ಗಿರಮಲ್ಲಪ್ಪ.

ಕೆಲಸ ಶುರುವಾಯಿತು. ಅನ್ನವ್ವ ಬಾಯಿ ತೆರೆದಾಗಲೆಲ್ಲ ತಿದ್ದಲು ಅವನು ತುದಿಗಾಲಲ್ಲಿ ನಿಂತಿರುತ್ತಿದ್ದ. ಆದರೆ ತಿದ್ದಲು ಏನಾದರೂ ಸಿಗಬೇಕಲ್ಲ! ಬಾಗಿಲು ಹೊರಕ್ಕೆ ತೆರೆಯಲಿ, ಒಳಗಿನ ಜಾಗ ತಿನ್ನುವುದು ಬೇಡ ಅಂದಳು. ಹಂಡೆಯ ಒಲೆಯ ಬಾಯಿ ಹೊರಗಿನಿಂದ ಇರಲಿ, ಒಳಗೆ ಹೊಗೆಯೂ ಇಲ್ಲ, ಬೂದಿಯೂ ಇಲ್ಲ ಅಂದಳು. ನೆಲಕ್ಕೆ ನುಣುಪು ಬೇಡ, ಕಾಲು ಹಿಡಿಯುವ ಒರಟು ಫರಸಿ ಕಲ್ಲು. ಗೋಡೆಗೆ ತಿಳಿನೀಲಿ ಟೈಲ್ಸು, ಸಣ್ಣ ಜಾಗ ಬೆಳ್ಳಗೆ ದೊಡ್ಡದಾಗಿ ಕಾಣಲಿ ಎಂದು. ಎದೆಮಟ್ಟದಲ್ಲಿ ಬಿಳಿ ಹೂವಿನ ಒಂದು ಪಟ್ಟಿ, ಯಾಕೆಂದರೆ ಚೆಂದ ಇರಬೇಕಲ್ಲ ಅಂದಳು.

"ಸಾಲಿ ಎಷ್ಟ ಕಲತಿ ತಂಗಿ?"

"ನಾಕನೇತ್ತ ರೀ."

"ನಿನ್ನ ಇಂಜಿನೇರ್ ಮಾಡಬೇಕಿತ್ತ ನೋಡ!" ಅಂದ. ಮೂವತ್ತು ವರ್ಷದ ಕಸುಬಿನಲ್ಲಿ ಅವನ ಬಾಯಿಂದ ಇಂಥ ಮಾತು ಬಿದ್ದದ್ದು ಅದೇ ಮೊದಲು.

ಅವನ ತಲೆ ಕೆಡಿಸಿದ್ದು ಆ ದಾರ ಒಂದೇ. ಅದರಲ್ಲಿ ಮೂರು ಗಂಟುಗಳಿದ್ದವು. ಹೊಸ್ತಿಲಿನಿಂದ ಮೊದಲ ಗಂಟಿಗೆ ಕೂರುವ ಕಲ್ಲು ಬರಬೇಕು, ಕಲ್ಲಿನಿಂದ ಎಡಕ್ಕೆ ಎರಡನೇ ಗಂಟಿಗೆ ಹಂಡೆ, ಬಲಕ್ಕೆ ಮೂರನೇ ಗಂಟಿಗೆ ಗೋಡೆಯಲ್ಲಿ ತಂಬಿಗೆ, ಸಾಬೂನು ಇಡುವ ಮಾಡ. ಟೇಪಿನಲ್ಲಿ ಅಳೆದು ಇಂಚು ಹೇಳು ಅಂದರೆ, "ದಾರದಂಗ ಮಾಡ್ರಿ ಅಣ್ಣಾರ, ಕೈ ಮುಗಿತೇನಿ" ಅನ್ನುತ್ತಿದ್ದಳು.

ತವರಿನ ಮದುವೆಗೆಂದು ಅವಳು ಎರಡು ದಿನ ಹುನ್ನೂರಿಗೆ ಹೋದಳು. ಗಿರಮಲ್ಲಪ್ಪ ಟೈಲ್ಸು ಹಚ್ಚಲು ನಿಂತ. ಮಾಡ ಇರುವಲ್ಲಿಯೇ ಉಳಿದರೆ ಹೂವಿನ ಪಟ್ಟಿ ತುಂಡಾಗುತ್ತದೆ, ಒಂದು ಕಡೆ ಚೂರು, ಇನ್ನೊಂದು ಕಡೆ ಅರ್ಧ. ಅದೇ ಒಂದು ಗೇಣು ಎಡಕ್ಕೆ ಸರಿಸಿದರೆ ಗೋಡೆಯ ನಟ್ಟನಡುವೆ ಬರುತ್ತದೆ, ಎರಡೂ ಕಡೆ ಹೂವು ಸಮ. ಹೆಣ್ಣುಮಗಳಿಗೆ ಇದೆಲ್ಲ ಏನು ತಿಳಿಯಬೇಕು, ನೋಡಿದರೆ ತಾನೇ ಖುಷಿಪಡುತ್ತಾಳೆ ಅಂದುಕೊಂಡು ಸರಿಸಿಯೇಬಿಟ್ಟ. ಮುಗಿಸಿ, ಹಿಂದೆ ಸರಿದು ನೋಡಿ, ತನ್ನ ಕೈಗೆ ತಾನೇ ಮೆಚ್ಚಿ ತಲೆದೂಗಿದ.

ಸಿಮೆಂಟು ಒಣಗಿದ ಮೇಲೆ ಒಂದು ಸೋಮವಾರ ಒಲೆ ಹೊತ್ತಿಸಿದರು. ಮದುವೆಯಿಂದ ಬಂದ ಅನ್ನವ್ವ ಮಾಡ ನೋಡಿದವಳೇ ಬೆಚ್ಚಿ, "ಅಣ್ಣಾರ, ದಾರ..." ಅನ್ನುವಷ್ಟರಲ್ಲಿ ಹೊಳೆವ್ವ ತಲೆಗೆ ಎಣ್ಣೆ ತಟ್ಟಿಕೊಂಡು ಬಂದೇಬಿಟ್ಟಳು. ಹೊಸ್ತಿಲು ದಾಟಿದಳು, ಎರಡು ಹೆಜ್ಜೆಗೆ ಕಲ್ಲಿನ ಮೇಲೆ ಕೂತಳು, ಬಾಗಿಲು ಎಳೆದುಕೊಂಡಳು. ಎಷ್ಟು ಸಲೀಸು! ನೋಡಿ ಗಿರಮಲ್ಲಪ್ಪ ಹಿಗ್ಗಿದ.

ಒಳಗಿಂದ ನೀರಿನ ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಿಗೆ 'ಸ್ಸ್' ಅಂದದ್ದು ಕೇಳಿತು. ಹೊಳೆವ್ವ ಒಣ ಮೈಯಲ್ಲೇ ಹೊರಗೆ ಬಂದಳು, ಬಲಗೈ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು.

"ನೀರ ಭಾಳ ಸುಡಾಕತ್ತಾವ. ನಾಳಿ ಮಾಡತೇನಿ ಬಿಡ" ಅಂದು, ಬಾಗಿಲ ಚೌಕಟ್ಟು ತಡವುತ್ತ ಒಳಮನೆಗೆ ಹೋದಳು.

ಗಿರಮಲ್ಲಪ್ಪ ಬಚ್ಚಲಿಗೆ ಕಾಲಿಟ್ಟ. ಟೈಲ್ಸಿನ ಮೇಲೆ ಎಣ್ಣೆಗೈಯ ಗುರುತುಗಳು ಬಿದ್ದಿದ್ದವು. ಬಲಗಡೆ ಒಂದು ಪೂರ್ತಿ ಅಂಗೈ ಗಟ್ಟಿಯಾಗಿ ಒತ್ತಿತ್ತು. ಅಲ್ಲಿಂದ ಬೆರಳುಗಳು ಕೆಳಕ್ಕೆ ಜಾರಿ, ಎಡಕ್ಕೆ ಹರಿದು, ಮಾಡದ ಬುಡದಲ್ಲೇ ಹಾದು ಕಾದ ಹಂಡೆಯ ಕಂಠದವರೆಗೂ ಹೋಗಿದ್ದವು. ಮೂಲೆಯಲ್ಲಿ ಬಿದ್ದಿದ್ದ ದಾರ ಎತ್ತಿ ಹಿಡಿದ. ಮೂರನೇ ಗಂಟು ಆ ಮೊದಲ ಅಂಗೈಯ ನಡುವೆಯೇ ಬಂದು ನಿಂತಿತು.

ಹಿಂದೆ ಬಂದು ನಿಂತ ಅನ್ನವ್ವ ದನಿ ತಗ್ಗಿಸಿದಳು. "ಅವರ ಕಣ್ಣ ಹೋಗಿ ನಾಕ ವರ್ಷ ಆತ್ರಿ. ಹಳೇ ಮನ್ಯಾಗ ಎಲ್ಲಾ ಕೈಗೆ ಗೊತ್ತಿತ್ತು, ಯಾರಿಗೂ ತಿಳೀಲಿಲ್ಲ. ನೀರ ಬರೂ ಮುಂದ ಮಂದಿ ಎಲ್ಲಾ ಚೌಕಟ್ಟ, ತೊಲಿ ಕಿತ್ತಕೊಂಡ ಬಂದ್ರು. ನಾ ಬಚ್ಚಲದ ಅಳತಿ ತಂದೆ."

"ನಿನಗ ಗೊತ್ತೈತೆಂತ ಅವರಿಗೆ ಹೇಳಿಲ್ಲೇನ?"

"ಹೆಂಗ ಹೇಳಲ್ರಿ? ಅವರ ಅತ್ತೀ ಕಣ್ಣ ಹೋದಾಗ ದನದ ಕೊಟ್ಟಿಗ್ಯಾಗ ಹಾಸಿ ಕೊಟ್ಟಿದ್ರಂತ. ಅಂಗಳದಾಗ ಕುಂದರಿಸಿ ಮಂದಿ ಮುಂದ ನೀರ ಸುರಿತಿದ್ರಂತ. ಅದನ್ನ ಕಣ್ಣಾರೆ ಕಂಡಾರ ಇವರು. ತಾವಾಗಿ ಹೇಳೂತನಕ ನಾನೂ ಕೇಳಂಗಿಲ್ಲ."

ಗಿರಮಲ್ಲಪ್ಪನಿಗೆ ನಾಚಿಕೆಯಾಯಿತು. ಒಂದು ಗೇಣು ಜಾಗದಲ್ಲಿ ತಾನು ಎಂಥ ಅನ್ಯಾಯ ಮಾಡಿಬಿಟ್ಟೆ! ಈ ಹೆಣ್ಣುಮಗಳು ಮುಳುಗಿದ ಮನೆಯನ್ನು ಒಂದು ದಾರದಲ್ಲಿ ಕಟ್ಟಿ ತಂದಿದ್ದಾಳೆ, ಅದೂ ನಾಲ್ಕು ವರ್ಷದ ಗುಟ್ಟು ಕಾಯ್ದುಕೊಂಡು. ತಾನು ಹೂವು ಸಮ ಮಾಡುತ್ತ ನಿಂತಿದ್ದ. ಉಳಿ ಸುತ್ತಿಗೆ ತೆಗೆದುಕೊಂಡು ತನ್ನ ಚೆಂದದ ಗೋಡೆಯನ್ನು ತಾನೇ ಒಡೆದ.

ಈ ಸಲ ಟೇಪು ಕಿಸೆಯಲ್ಲೇ ಉಳಿಯಿತು. ದಾರ ಹಿಡಿದು ಮಾಡ ಕೂರಿಸಿದ. ಆಮೇಲೆ ಕಲ್ಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಕೈ ಚಾಚಿ ಚಾಚಿ ನೋಡಿದ, ಹತ್ತು ಸಲವಾದರೂ. ತುಂಡಾದ ಹೂವಿನ ಟೈಲ್ಸನ್ನು ಬೆರಳಗಲಕ್ಕೆ ಕೊರೆದು ಮಾಡದ ಸುತ್ತ ಹಾರದ ಹಾಗೆ ಹಚ್ಚಿದ. ಅಂಚು ಚುಚ್ಚೀತೆಂದು ಒಂದೊಂದನ್ನೂ ತಿಕ್ಕಿ ನುಣುಪು ಮಾಡಿದ. ಮೊದಲಿನದಕ್ಕಿಂತ ಇದೇ ಚೆಂದವಾಯಿತು ಅಂದರೆ ನಂಬಬೇಕು.

ಮುಂದಿನ ಸೋಮವಾರ ಹೊಳೆವ್ವ ಮತ್ತೆ ಒಳಗೆ ಹೋದಳು. ಅನ್ನವ್ವ ಸೆರಗಿನ ತುದಿ ಕಚ್ಚಿಕೊಂಡು ಹೊರಗೆ ನಿಂತಳು. ಗಿರಮಲ್ಲಪ್ಪನಂತೂ ಆ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ನಿಂತಿದ್ದ. ಮಾಡದಿಂದ ತಂಬಿಗೆ ಎತ್ತಿದ ಸದ್ದು ಬಂತು. ನೀರು ಮೊಗೆದ ಸದ್ದು ಬಂತು. ಆಮೇಲೆ ದಬದಬನೆ ನೀರು ಸುರಿದುಕೊಂಡಳು ನೋಡಿ, ಎರಡು ವರ್ಷದ ಜಳಕ ಒಂದೇ ದಿನ ಮಾಡುವವಳ ಹಾಗೆ! ನಡುವೆ ತನ್ನಷ್ಟಕ್ಕೆ ಏನೋ ಗುನುಗಿದಳು. ಹಂಡೆ ಅರ್ಧವಾದ ಮೇಲೆ, ಒದ್ದೆ ಕೂದಲಿಗೆ ಸೀರೆಯ ತುಂಡು ಸುತ್ತಿಕೊಂಡು ಹೊರಗೆ ಬಂದಳು. ಮುಖ ಕೆಂಪಗೆ ಹೊಳೆಯುತ್ತಿತ್ತು.

ಅಷ್ಟು ಹೊತ್ತಿಗೆ ಹೊಸ ಬಚ್ಚಲು ನೋಡಲು ನೆರೆಮನೆಯ ಮುದಕವ್ವ ಬಂದಿದ್ದಳು.

"ಗೌಂಡಿ, ಭಾಳ ಛಲೋ ಮಾಡೀಯಪಾ" ಅಂದಳು ಹೊಳೆವ್ವ. "ನಮ್ಮ ಹಳೇ ಬಚ್ಚಲದಂಗ ಆಗೇತಿ. ಹಸಿರ ಬಣ್ಣನೂ ಹಂಗ ಒಪ್ಪೇತಿ."

"ಹಸಿರ ಎಲ್ಲೈತಿ ಬೇ?" ಮುದಕವ್ವ ಒಳಗೆ ಇಣುಕಿದಳು. "ಇದು ನೀ..."

"ಹಸಿರ!" ಗಿರಮಲ್ಲಪ್ಪ ಅವಳ ಮಾತನ್ನು ಅಲ್ಲೇ ತುಂಡರಿಸಿದ. "ಹಚ್ಚಿದಾವ ನಾನು. ನನಗ ಗೊತ್ತಿಲ್ಲೇನ? ಎಲಿ ಹಸಿರ."

ಗಿರಮಲ್ಲಪ್ಪ ತಪ್ಪು ಮಾತಿಗೆ ಹೂಂಗುಟ್ಟುವುದೆಂದರೇನು! ಮುದಕವ್ವ ನೀಲಿ ಗೋಡೆ ನೋಡಿದಳು, ಅವನ ಮುಖ ನೋಡಿದಳು, ಸೆರಗು ಕಣ್ಣಿಗೊತ್ತಿಕೊಂಡ ಅನ್ನವ್ವನನ್ನು ನೋಡಿದಳು. ಕಡೆಗೆ ಹೊಳೆವ್ವನ ಕಣ್ಣುಗಳನ್ನೇ ದಿಟ್ಟಿಸಿ ನೋಡಿದಳು.

"ಹೌದ ನೋಡ ಬೇ" ಅಂದಳು. "ಹಸಿರ ಐತಿ."

"ಮತ್ತ!" ಹೊಳೆವ್ವ ಬೆನ್ನು ನೆಟ್ಟಗೆ ಮಾಡಿದಳು. "ನನಗ ಕಣ್ಣಿಲ್ಲೇನ?"