ಮರಿಯಿಂದ ನೂರು ಹೆಜ್ಜೆ

ನಾಯಿಗಳ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದ ಅವಳನ್ನು ತಣ್ಣನೆ ಕಡಲ ತೀರದ ಆ ಊರೆಲ್ಲ ಅಡ್ಮಿನ್ ಅಕ್ಕ ಎಂದೇ ಕರೆಯುತ್ತಿತ್ತು. ಕತ್ತರಿ ಹೊಟ್ಟೆಪಾಡಿಗೆ, ಜೀವವೆಲ್ಲ ಇದ್ದದ್ದು ಸಾಕುಪ್ರಾಣಿ ಪ್ರಿಯರ ಆನ್‌ಲೈನ್ ಗುಂಪಿನಲ್ಲಿ. ಹದಿನಾಲ್ಕು ಸಾವಿರ ಜನರಿದ್ದ ಆ ಗುಂಪಿಗೆ ನಿಯಮವೆಂದು ಇದ್ದದ್ದು ಒಂದೇ, ಬರೆದವಳೂ ಅವಳೇ: ‘ಮೊದಲು ಎತ್ತಿಕೊಳ್ಳಿ, ಆಮೇಲೆ ಕೇಳಿ.’ ಮೂರು ವರ್ಷದ ಹಿಂದೆ ಕಾರಿನಡಿ ಸಿಕ್ಕ ಬೆಕ್ಕಿನ ಮರಿಯನ್ನು ಏನು ಮಾಡುವುದೆಂದು ಎಪ್ಪತ್ತು ಕಾಮೆಂಟುಗಳಲ್ಲಿ ಚರ್ಚೆ ನಡೆಯುವಷ್ಟರಲ್ಲಿ ಆ ಮರಿ ಸತ್ತೇಹೋಗಿತ್ತು. ಆ ಸಂಕಟದಲ್ಲಿ ಹುಟ್ಟಿದ ನಿಯಮ ಅದು.

ಆ ಶನಿವಾರ ಬೆಳಿಗ್ಗೆ ಅವಳು ಗುಂಗುರು ಕೂದಲಿನ ನಾಯಿಯೊಂದರ ಎಡಮೈ ಮುಗಿಸಿ ಬಲಕ್ಕೆ ತಿರುಗಿಸುತ್ತಿದ್ದಾಗ ಫೋನು ಒಂದೇ ಸಮನೆ ಗುಂಯ್‌ಗುಡತೊಡಗಿತು. ತೆರೆದರೆ ಒಂದು ಫೋಟೋ. ಊರ ಕಡಲದಂಡೆಯ ಮರಳಿನ ಮೇಲೆ ಒಂಟಿಯಾಗಿ ಮಲಗಿದ ಸೀಲ್ ಎಂಬ ಕಡಲನಾಯಿಯ ಮರಿ, ಬೂದು ಬಣ್ಣ, ಕೆನ್ನೆಯುದ್ದಕ್ಕೂ ನೀರು. ‘ಅಮ್ಮನ್ನ ಕಳ್ಕೊಂಡು ಅಳ್ತಾ ಇದೆ, ಪಾಪ. ಯಾರಾದ್ರೂ ಬನ್ನಿ’ ಎಂದು ಕೆಳಗೆ ಬರೆದಿತ್ತು. ಒಬ್ಬರು ತಮ್ಮ ಸ್ನಾನದ ತೊಟ್ಟಿ ಖಾಲಿ ಮಾಡಿಸುತ್ತಿದ್ದರು, ಇನ್ನೊಬ್ಬರು ಕಂಬಳಿ ಹುಡುಕುತ್ತಿದ್ದರು, ಮತ್ತೊಬ್ಬರು ನಾಯಿಬಿಸ್ಕತ್ತು ತಿನ್ನುತ್ತದೆಯೇ ಎಂದು ವಿಚಾರಿಸುತ್ತಿದ್ದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎಲ್ಲರಿಗಿಂತ ಮೊದಲು ‘ನಾನು ಹೊರಟೆ’ ಎಂದು ಬರೆದವಳು ಅವಳ ಸ್ವಂತ ಅತ್ತಿಗೆ, ಅಣ್ಣನ ಹೆಂಡತಿ. ಬಾಟಲಿ ಹಾಲು ಕುಡಿಸಿ ನಲವತ್ತಮೂರು ಬೆಕ್ಕಿನ ಮರಿಗಳನ್ನು ಬದುಕಿಸಿದ್ದ ಆಕೆಗೆ ಗುಂಪಿನಲ್ಲಿ ಬಾಟಲಿಯಮ್ಮ ಎಂದೇ ಹೆಸರು.

ಅಕ್ಕನಿಗೂ ಕರುಳು ಚುರುಕ್ ಎಂದಿತು, ಸುಳ್ಳೇಕೆ. ಯಾವ ಹಾಲು ಕೊಡಬೇಕೆಂದು ಕೇಳಲು ಕಡಲಪ್ರಾಣಿಗಳ ಡಾಕ್ಟರಿಗೆ ಫೋನು ಹಚ್ಚಿದಳು.

“ಯಾವ ಹಾಲೂ ಬೇಡ. ಮುಟ್ಟಲೇಬೇಡಿ” ಎಂದರು ಡಾಕ್ಟರು. “ಅದು ಅಳ್ತಾ ಇಲ್ಲಮ್ಮ. ನಮ್ಮ ಕಣ್ಣೀರು ಮೂಗಿನ ಕಡೆ ಇಳಿಯತ್ತೆ, ಸೀಲ್‌ಗಳಿಗೆ ಆ ದಾರಿನೇ ಇಲ್ಲ. ಅದಕ್ಕೇ ಕೆನ್ನೆ ಮೇಲೆ ಹರಿಯತ್ತೆ. ತಾಯಿ ಮೀನು ಹಿಡಿಯೋಕೆ ಹೋಗಿರ್ತಾಳೆ, ನೀರು ಏರಿದಾಗ ಬರ್ತಾಳೆ. ಆದ್ರೆ ಹತ್ತಿರ ಜನ ಕಂಡ್ರೆ ಬರಲ್ಲ. ಹೀಗೇ ಹೆದರಿಸ್ತಾ ಇದ್ರೆ ಮರಿನ ಬಿಟ್ಟೇಹೋಗ್ತಾಳೆ. ನಾನು ಬರೋಕೆ ಮೂರು ಗಂಟೆ ಬೇಕು. ಅಲ್ಲಿವರೆಗೆ ಎಲ್ಲರನ್ನೂ ನೂರು ಹೆಜ್ಜೆ ದೂರ ನಿಲ್ಲಿಸಿ.”

ಯಾರೂ ಹೋಗಬೇಡಿ ಎಂದು ಗುಂಪಿನಲ್ಲಿ ಹಾಕಿದಳು. ನಿಮಿಷದೊಳಗೆ ಅವಳ ನಿಯಮವನ್ನೇ ಅವಳ ಮುಖಕ್ಕೆ ಹಿಡಿದರು. ಅಕ್ಕನ ಖಾತೆ ಯಾರೋ ಕದ್ದಿರಬೇಕು ಎಂದು ಒಬ್ಬ ಪತ್ತೇದಾರ ಬರೆದ. ಅರ್ಧ ಬೋಳಾದ ನಾಯಿಯನ್ನು ಅದರ ಯಜಮಾನರ ಕೈಗಿಟ್ಟು, “ಇನ್ನರ್ಧ ಸಂಜೆಗೆ” ಎಂದವಳೇ ಸ್ಕೂಟರ್ ಹತ್ತಿದಳು.

ದಂಡೆಯಲ್ಲಿ ಮೂವತ್ತು ಜನ, ಹನ್ನೊಂದು ನಾಯಿ. ಅತ್ತಿಗೆ ಮರಿಯಿಂದ ನಾಲ್ಕೇ ಮಾರು ದೂರದಲ್ಲಿ ಮಂಡಿಯೂರಿ ಟವೆಲ್ ಬಿಚ್ಚುತ್ತಿದ್ದಳು. ಅಕ್ಕ ಓಡಿಹೋಗಿ ನಡುವೆ ನಿಂತಳು.

“ಏಳಿ ಅತ್ತಿಗೆ. ಹಿಂದೆ ಹೋಗೋಣ.”

“ನಿನಗೇನು ಬಂತೇ? ಕಣ್ಣೀರು ಕಾಣಿಸ್ತಿಲ್ವಾ?”

“ಅದು ಅಳ್ತಾ ಇಲ್ಲ. ತಾಯಿ ನೀರಲ್ಲಿದಾಳೆ, ನಾವು ಇಲ್ಲಿರೋವರೆಗೂ ಬರಲ್ಲ. ಈ ಮರಿ ಇನ್ನೂ ಅನಾಥ ಆಗಿಲ್ಲ. ನೀವು ಮುಟ್ಟಿದ್ರೆ ಆಗತ್ತೆ.”

“ಎತ್ತಿಕೊಳ್ಳಿ ಅಂತ ಹೇಳಿದ್ದು ನೀವೇ ಅಲ್ವಾ?” ಎಂದು ಹಿಂದಿನಿಂದ ಯಾರೋ ಕೂಗಿದರು.

“ನಾನೇ. ಇವತ್ತು ಬೇಡ ಅಂತಿರೋದೂ ನಾನೇ” ಎಂದಳು ಅಕ್ಕ. ಮೂವತ್ತು ಜನರ ಮುಂದೆ ಮಾತು ಬದಲಿಸಲು ಅವಳಿಗೆ ನಾಚಿಕೆಯಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. “ಕಾರುಗಳನ್ನ ನೆರಳಿಗೆ ಹಾಕಿ, ನಾಯಿಗಳನ್ನ ಒಳಗೆ ಬಿಟ್ಟು ಕಿಟಕಿ ತೆರೆದಿಡಿ. ಅವುಗಳ ಹಗ್ಗ ತಂದು ನನಗೆ ಕೊಡಿ.”

ಗೊಣಗುತ್ತಲೇ ತಂದುಕೊಟ್ಟರು. ಹನ್ನೊಂದು ಹಗ್ಗಗಳನ್ನು ಒಂದಕ್ಕೊಂದು ಗಂಟು ಹಾಕಿ, ನೂರು ಹೆಜ್ಜೆ ಎಣಿಸಿ, ಕಡಲಿಗೆ ಇಳಿಯುವ ದಾರಿಗೆ ಅಡ್ಡವಾಗಿ ಕಟ್ಟಿ ಅದರ ಮುಂದೆ ನಿಂತಳು. ಅತ್ತಿಗೆಯೂ ಕೊನೆಗೆ ಹಗ್ಗದ ಬಳಿಗೆ ಬಂದಳು, ಮುಖ ಊದಿಸಿಕೊಂಡು. ಹಗ್ಗ ದಾಟುವಷ್ಟರಲ್ಲಿ ಮರಿ ತಲೆಯೆತ್ತಿ ಕೂಗಿತು. ಥೇಟ್ ಎಳೆಗೂಸಿನ ದನಿ. ಅತ್ತಿಗೆ ತಿರುಗಿ ಎರಡು ಹೆಜ್ಜೆ ಇಟ್ಟೇಬಿಟ್ಟಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು, ನೋಯುವಷ್ಟು ಬಿಗಿಯಾಗಿ.

“ಕಲ್ಲು ಹೃದಯದವಳು ಕಣೇ ನೀನು.”

“ಆಗಲಿ.”

ನೀರು ನಿಧಾನವಾಗಿ ಏರಿತು. ಒಂದು ಗಂಟೆಯ ಮೇಲೆ ಅಲೆಗಳ ನಡುವೆ ನುಣುಪಾದ ಕಪ್ಪು ತಲೆಯೊಂದು ಮೂಡಿ ದಂಡೆಯತ್ತ ನೋಡಿತು. “ಬಂತು, ಬಂತು” ಎಂದು ಯಾರೋ ಚಪ್ಪಾಳೆ ತಟ್ಟಿದ್ದೇ ತಡ, ತಲೆ ಮುಳುಗಿಹೋಯಿತು. ಅಕ್ಕನಿಗೆ ಅಳುವೇ ಬಂತು. ಎಲ್ಲರನ್ನೂ ಇನ್ನಷ್ಟು ಹಿಂದಕ್ಕೆ, ದಂಡೆಯಂಚಿನ ಮೋಟು ತಡೆಗೋಡೆಯ ಆಚೆಗೆ ತಳ್ಳಿ ಕೂರಿಸಿದಳು. ಇನ್ನೊಂದು ಉಸಿರೆತ್ತಿದರೆ ಗುಂಪಿನಿಂದ ತೆಗೆದುಹಾಕುತ್ತೇನೆ ಎಂದಾಗ ಮಾತ್ರ ನಿಜವಾಗಿ ಬಾಯಿ ಮುಚ್ಚಿದರು. ಅರ್ಧ ಗಂಟೆ ಏನೂ ಕಾಣಲಿಲ್ಲ. ಬಿಸಿಲಿಗೆ ಗೋಡೆ ಕಾದಿತ್ತು, ಯಾರೂ ಏಳಲಿಲ್ಲ.

ಆಮೇಲೆ ತಲೆ ಮತ್ತೆ ಮೂಡಿತು, ಈ ಸಲ ಹತ್ತಿರದಲ್ಲಿ. ತಾಯಿ ಹೊಟ್ಟೆಯ ಮೇಲೆ ತೆವಳುತ್ತಾ ಮರಳಿಗೆ ಬಂದು ಮರಿಯ ಮೂಗಿಗೆ ಮೂಗು ಮುಟ್ಟಿಸಿ ಮೂಸಿತು. ಮರಿ ಅದರ ಹೊಟ್ಟೆಗೆ ಮುಖ ಒತ್ತಿ ಹಾಲು ಕುಡಿಯಿತು. ಹೊಟ್ಟೆ ತುಂಬಿದ ಮೇಲೆ ಎರಡೂ ನೀರಿಗೆ ಇಳಿದವು.

ಜನ ಒಬ್ಬರನ್ನೊಬ್ಬರು ತಬ್ಬಿಕೊಂಡರು, ಅಕ್ಕನಿಗೆ ಜೈ ಎಂದರು. ಅತ್ತಿಗೆ ಮಾತ್ರ ಗೋಡೆಯ ಬುಡದಲ್ಲಿ ಕೂತೇ ಇದ್ದಳು. ಅಕ್ಕ ಪಕ್ಕದಲ್ಲಿ ಕುಳಿತಾಗ ತಲೆ ಎತ್ತದೆ ಕೇಳಿದಳು:

“ಬೆಕ್ಕುಗಳೂ ಮರಿ ಬಿಟ್ಟು ಆಹಾರ ಹುಡುಕೋಕೆ ಹೋಗ್ತವಲ್ವಾ?”

“ಹೋಗ್ತವೆ.”

“ನನ್ನ ನಲವತ್ತಮೂರರಲ್ಲಿ ಎಷ್ಟಕ್ಕೆ ತಾಯಿ ವಾಪಸ್ ಬರೋಳಿದ್ಲು?”

ಸಮಾಧಾನದ ಮಾತು ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಗೊತ್ತಿಲ್ಲ ಅತ್ತಿಗೆ. ಎತ್ತಿ ಅಂದೋಳು ನಾನು. ಕಾದು ನೋಡಿ ಅಂತ ಒಂದು ಸಲವೂ ಹೇಳ್ಲಿಲ್ಲ.”

ಫೋನು ತೆಗೆದು ಆ ಕೊನೆಯ ಎರಡು ಮಾತನ್ನೇ, ಒಂದಕ್ಷರ ಬದಲಿಸದೆ, ಹದಿನಾಲ್ಕು ಸಾವಿರ ಜನರಿಗೂ ಬರೆದಳು.